ತುಂಬುವ ಬೋಲ್ಟ್ ಮೊದಲು ಬಿಚ್ಚಿ

ಹೋದ ತಿಂಗಳು ಇಂಜಿನ್ ಆಯಿಲ್ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ (ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಆಯಿಲನ್ನು ಕುರಿತವು. ಬರೆದವರೆಲ್ಲ ವೇಗದ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು. ಹಾಗಾಗಿ ಈ ಸಲದ ಪುಟಗಳನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಇಂಜಿನ್ ಆಯಿಲನ್ನು ಎಲ್ಲರೂ ನೆನಪಿಡುತ್ತಾರೆ. ಕಾರಿನ ಅಡಿಯಲ್ಲಿ ಕತ್ತಲಲ್ಲಿ ದುಡಿಯುವ ಈ ಎರಡನ್ನು ಮಾತ್ರ ಶಬ್ದ ಬರುವ ತನಕ ಯಾರೂ ವಿಚಾರಿಸುವುದಿಲ್ಲ. ಶಬ್ದ ಬರುವ ಹೊತ್ತಿಗೆ ಬಹಳ ಸಲ ಹಲ್ಲು ಸವೆದಿರುತ್ತದೆ. ಆಮೇಲೆ ಎಷ್ಟು ಒಳ್ಳೆಯ ಆಯಿಲ್ ಹಾಕಿದರೂ ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ನನ್ನದು 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230. ನಾನು ಎರಡನೇ ಮಾಲೀಕ. 71,000 ಕಿ.ಮೀ. ಓಡಿದೆ. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ದಾಖಲೆ ಇಲ್ಲ. ಡಿಫರೆನ್ಷಿಯಲ್ ಆಯಿಲನ್ನೂ ಬದಲಿಸು ಎಂದು ಗೆಳೆಯ ಹೇಳುತ್ತಾನೆ. ಕಾರಿನ ಕೆಳಗೆ ಮಲಗಿ ಹುಡುಕಿದರೂ ಡಿಫರೆನ್ಷಿಯಲ್ ಎಲ್ಲಿದೆ ಎಂದು ಗೊತ್ತಾಗಲಿಲ್ಲ. ಇದನ್ನು ಮನೆಯಲ್ಲೇ ಮಾಡಬಹುದೇ?
— ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ನಿಮಗೆ ಸಿಗದಿರುವುದು ಸಹಜ. ನಿಮ್ಮ ಕಾರು ಮುಂದಿನ ಚಕ್ರಗಳಿಂದ ಓಡುತ್ತದೆ. ಇಂತಹ ಕಾರುಗಳಲ್ಲಿ ಡಿಫರೆನ್ಷಿಯಲ್ ಇರುವುದು ಗೇರ್‌ಬಾಕ್ಸಿನ ಹೊಟ್ಟೆಯೊಳಗೆ. ನಿಮ್ಮ ಆರು ಗೇರಿನ ಡಿಎಸ್‌ಜಿಯಲ್ಲಿ, ಅಂದರೆ ತಾನೇ ಗೇರ್ ಬದಲಿಸುವ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸಿನಲ್ಲಿ, ಎರಡು ಕ್ಲಚ್‌ಗಳು, ಗೇರುಗಳು, ಗೇರ್ ಬದಲಿಸುವ ಹೈಡ್ರಾಲಿಕ್ ಘಟಕ, ಡಿಫರೆನ್ಷಿಯಲ್ ಎಲ್ಲವೂ ಒಂದೇ ಆಯಿಲಿನಲ್ಲಿ ಮುಳುಗಿ ಕೆಲಸ ಮಾಡುತ್ತವೆ. ಒಂದು ಬಾರಿ ಬದಲಿಸಿದರೆ ಎರಡೂ ಬದಲಾದ ಹಾಗೆ.

ಆದರೆ ಒಂದೇ ಆಯಿಲ್ ಎಂಬುದರಲ್ಲೇ ಅಪಾಯವೂ ಇದೆ. ಕ್ಲಚ್ ಪ್ಲೇಟುಗಳಿಂದ ಸವೆದು ಬರುವ ಪುಡಿ ಅದೇ ಆಯಿಲಿನಲ್ಲಿ ಸುತ್ತುತ್ತದೆ. ಹೈಡ್ರಾಲಿಕ್ ಘಟಕದ ಸಣ್ಣ ಸಣ್ಣ ಕವಾಟಗಳ ಮೂಲಕ ಹಾದುಹೋಗುತ್ತದೆ. ಅದಕ್ಕಾಗಿಯೇ ಈ ಗೇರ್‌ಬಾಕ್ಸಿಗೆ ಪ್ರತಿ 60,000 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಬೇಕೆಂದು ಕಂಪನಿಯೇ ಹೇಳಿದೆ. ನೀವು 11,000 ಕಿ.ಮೀ. ತಡ ಮಾಡಿದ್ದೀರಿ. ಗಾಬರಿ ಬೇಡ, ಆದರೆ ಮುಂದಿನ ತಿಂಗಳಿಗೆ ದೂಡಬೇಡಿ. ಏಳು ಗೇರಿನ ಒಣ ಕ್ಲಚ್ಚಿನ ಇನ್ನೊಂದು ಡಿಎಸ್‌ಜಿ ನಮ್ಮ ರಸ್ತೆಗಳಲ್ಲಿ ಬಹಳ ಇದೆ. ಅದರ ಆಯಿಲ್ ಬೇರೆ, ಪ್ರಮಾಣ ಬೇರೆ. ಅಂಗಡಿಯಲ್ಲಿ ಬರೀ ‘ಡಿಎಸ್‌ಜಿ ಆಯಿಲ್’ ಎಂದು ಕೇಳಿದರೆ ಯಾವುದು ಕೈಗೆ ಬರುತ್ತದೋ ಹೇಳಲಾಗದು. ಆರು ಗೇರಿನ, ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿನ ಗೇರ್‌ಬಾಕ್ಸ್ ಎಂದು ಹೇಳಿ, ಚಾಸಿಸ್ ಸಂಖ್ಯೆ ಕೊಟ್ಟು ತರಿಸಿ.

ಮನೆಯಲ್ಲಿ ಮಾಡಬಹುದೇ? ನಾಲ್ಕು ಗಟ್ಟಿ ಸ್ಟ್ಯಾಂಡ್‌ಗಳು, ಸಮತಟ್ಟಾದ ನೆಲ, ಗೇರ್‌ಬಾಕ್ಸಿನ ತಾಪಮಾನ ತೋರಿಸುವ ಸ್ಕ್ಯಾನರ್ ಇದ್ದರೆ ಮಾಡಬಹುದು. ಇವುಗಳಲ್ಲಿ ಸ್ಕ್ಯಾನರ್ ಇಲ್ಲದಿದ್ದರೆ ಮುಟ್ಟಬೇಡಿ. ಕಾರಣ ಹೇಳುತ್ತೇನೆ. ಈ ಗೇರ್‌ಬಾಕ್ಸಿಗೆ ಅಳತೆ ಕಡ್ಡಿ ಇಲ್ಲ. ಕೆಳಗಿನ ಡ್ರೈನ್ ಬೋಲ್ಟಿಗೆ 14 ಮಿ.ಮೀ. ಆಲನ್ ಕೀ ಹಾಕಿ ತೆಗೆದರೆ ಸ್ವಲ್ಪವೇ ಆಯಿಲ್ ಬರುತ್ತದೆ. ಅಷ್ಟಕ್ಕೇ ಮುಗಿಯಿತೆಂದು ತಿಳಿಯುವವರಿದ್ದಾರೆ. ಆ ರಂಧ್ರದೊಳಗೆ ಒಂದು ಪ್ಲಾಸ್ಟಿಕ್ ಕೊಳವೆ ನಿಂತಿರುತ್ತದೆ. ಅದನ್ನು 8 ಮಿ.ಮೀ. ಆಲನ್ ಕೀಯಿಂದ ಬಿಚ್ಚಿದಾಗಲೇ ನಿಜವಾದ ಧಾರೆ ಸುರಿಯುವುದು. ಬದಲಿಸುವಾಗ ಹಿಡಿಯುವುದು ಐದು ಲೀಟರಿಗೆ ಸ್ವಲ್ಪ ಹೆಚ್ಚು. ಒಳಗಿನ ಮೂಲೆಗಳಲ್ಲಿ ಉಳಿಯುವ ಹಳೆಯ ಆಯಿಲ್ ಹೊರಗೆ ಬರುವುದಿಲ್ಲ, ಅದಕ್ಕೆ ಚಿಂತಿಸಬೇಡಿ. ಕೊಳವೆಯನ್ನೂ ಬೋಲ್ಟನ್ನೂ ಮತ್ತೆ ಕೂರಿಸಿ, ಫಿಲ್ಟರ್ ಬದಲಿಸಿ, ಹೊಸ ಆಯಿಲ್ ತುಂಬಿ. ಇಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಹಿಡಿದು ಗೇರ್ ಲಿವರನ್ನು ಎಲ್ಲ ಸ್ಥಾನಗಳಲ್ಲೂ ಕೆಲವು ಸೆಕೆಂಡು ನಿಲ್ಲಿಸುತ್ತಾ ಒಮ್ಮೆ ತಿರುಗಿಸಿ.

ಈಗ ಸ್ಕ್ಯಾನರ್ ನೋಡಿ. ಆಯಿಲ್ 35ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಇರುವಾಗ, ಇಂಜಿನ್ ಓಡುತ್ತಿರುವಾಗಲೇ ಕೆಳಗಿನ ಬೋಲ್ಟ್ ತೆಗೆಯಬೇಕು. ಹೆಚ್ಚಾದದ್ದು ಆ ಕೊಳವೆಯಿಂದ ಧಾರೆಯಾಗಿ ಇಳಿಯುತ್ತದೆ. ಧಾರೆ ಕಡಿದು ಹನಿಯಾದ ಕ್ಷಣ ಬೋಲ್ಟ್ ಮುಚ್ಚಿ. ಏನೂ ಇಳಿಯದಿದ್ದರೆ ಆಯಿಲ್ ಕಡಿಮೆ ಇದೆ, ಇನ್ನಷ್ಟು ಹಾಕಿ. ಇದೇ ಕೆಲಸವನ್ನು 60 ಡಿಗ್ರಿಯಲ್ಲಿ ಮಾಡಿದರೆ ಬಿಸಿಗೆ ಹಿಗ್ಗಿದ ಆಯಿಲ್ ಬೇಕಾದದ್ದಕ್ಕಿಂತ ಹೆಚ್ಚು ಹೊರಗೆ ಹೋಗುತ್ತದೆ. ಕಾರು ತಣ್ಣಗಾದ ಮೇಲೆ ಒಳಗೆ ಕೊರತೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ತೆವಳಿ ಬಂದ ಕಾರನ್ನು ನೇರವಾಗಿ ಲಿಫ್ಟಿಗೆ ಏರಿಸಿ, ಅರ್ಧ ಗಂಟೆಯಲ್ಲಿ ಮುಗಿಸಿ ಕೊಡುವವರನ್ನು ನಾನು ಒಪ್ಪುವುದಿಲ್ಲ. ಕಾರನ್ನು ರಾತ್ರಿ ಬಿಟ್ಟುಹೋಗಿ, ಬೆಳಿಗ್ಗೆ ತಣ್ಣಗಿರುವಾಗ ಶುರು ಮಾಡಲು ಹೇಳಿ. ಸಾಧ್ಯವಾದರೆ ಪಕ್ಕದಲ್ಲಿ ನಿಂತು ಸ್ಕ್ಯಾನರಿನ ಅಂಕಿಯನ್ನು ನೀವೇ ಓದಿ.

ಮಾರುತಿ ಜಿಪ್ಸಿಯನ್ನು ಸ್ಥಳೀಯ ರ‍್ಯಾಲಿಗಳಿಗೆ ಸಜ್ಜುಗೊಳಿಸುತ್ತಿದ್ದೇನೆ. ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್ ಇರುವ ಹೌಸಿಂಗ್‌ಗೂ ಒಂದೇ ಜಿಎಲ್-5 ಆಯಿಲ್ ಹಾಕಿದರೆ ಸಾಕು, ಅದು ಮೇಲ್ದರ್ಜೆಯದು ಎಂದು ಮೆಕ್ಯಾನಿಕ್ ಹೇಳಿದರು. ಹಾಕಿದ ಮೇಲೆ ಎರಡನೇ ಗೇರಿಗೆ ಬೇಗ ಇಳಿಸುವಾಗ ಕರಕರ ಎನ್ನುತ್ತದೆ. ಆಯಿಲ್ ಕಾರಣವಿರಬಹುದೇ?
— ಕಾಫಿ ಬೆಳೆಗಾರರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಇರಬಹುದು, ಮತ್ತು ಮೊದಲು ಪರೀಕ್ಷಿಸಬೇಕಾದದ್ದು ಅದನ್ನೇ. ಜಿಎಲ್ ಎಂಬುದು ಗೇರ್ ಆಯಿಲಿನ ದರ್ಜೆಯ ಗುರುತು. ಆದರೆ ಜಿಎಲ್-5 ಎಂಬುದು ಜಿಎಲ್-4ರ ಮುಂದಿನ ತರಗತಿ ಅಲ್ಲ. ಅವು ಎರಡು ಬೇರೆ ಕೆಲಸಕ್ಕೆ ಹುಟ್ಟಿದ ಆಯಿಲ್‌ಗಳು. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿಲ್ಲ, ಇನ್ನೂ ಹೇಳುತ್ತೇನೆ.

ಹೌಸಿಂಗಿನೊಳಗಿನ ಕ್ರೌನ್ (ದೊಡ್ಡ ಹಲ್ಲುಚಕ್ರ) ಮತ್ತು ಅದನ್ನು ತಿರುಗಿಸುವ ಪಿನಿಯನ್ (ಸಣ್ಣ ಹಲ್ಲುಚಕ್ರ) ಗಮನಿಸಿ. ಪಿನಿಯನ್ನಿನ ಅಕ್ಷ ಕ್ರೌನಿನ ನಡುಮಧ್ಯಕ್ಕೆ ಸೇರದೆ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ಇದಕ್ಕೆ ಹೈಪಾಯ್ಡ್ ಜೋಡಣೆ ಎನ್ನುತ್ತಾರೆ. ಇಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಭಾರಿ ಒತ್ತಡದಲ್ಲಿ ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡಕ್ಕೆ ಬರೀ ಆಯಿಲಿನ ಪದರ ಹಿಂಡಿಹೋಗುತ್ತದೆ. ಆದ್ದರಿಂದ ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಹೆಚ್ಚು ಬೆರೆಸಿರುತ್ತಾರೆ. ಬಿಸಿ ಏರಿದಾಗ ಅವು ಉಕ್ಕಿನ ಮೇಲೆ ತೆಳುವಾದ ಪೊರೆ ಕಟ್ಟಿ, ಹಲ್ಲಿನ ಬದಲು ತಾವು ಸವೆಯುತ್ತವೆ. ಹಳೆಯ ಡಿಫರೆನ್ಷಿಯಲ್ ಆಯಿಲಿಗೆ ಕೊಳೆತ ಮೊಟ್ಟೆಯ ವಾಸನೆ ಇರುವುದು ಆ ಗಂಧಕದಿಂದ.

ಗೇರ್‌ಬಾಕ್ಸಿನ ಕಥೆ ಬೇರೆ. ಅಲ್ಲಿ ಸಿಂಕ್ರೊ ರಿಂಗುಗಳಿವೆ, ಸಾಮಾನ್ಯವಾಗಿ ಹಿತ್ತಾಳೆಯ ಜಾತಿಯವು. ನೀವು ಗೇರ್ ಬದಲಿಸಿದಾಗ ಆ ರಿಂಗ್ ಗೇರಿನ ಶಂಕುವಿಗೆ ಒತ್ತಿ, ಘರ್ಷಣೆಯಿಂದ ಎರಡರ ವೇಗವನ್ನೂ ಒಂದು ಮಾಡಬೇಕು. ಅಂದರೆ ಅಲ್ಲಿ ಒಂದಿಷ್ಟು ಹಿಡಿತ ಬೇಕೇ ಬೇಕು. ತೀರಾ ಜಾರುವ ಆಯಿಲ್ ಹಾಕಿದರೆ ರಿಂಗ್ ಕಚ್ಚುವುದಿಲ್ಲ, ವೇಗ ಹೊಂದುವ ಮೊದಲೇ ಹಲ್ಲುಗಳು ಡಿಕ್ಕಿಯಾಗುತ್ತವೆ. ನಿಮ್ಮ ಕರಕರ ಅದೇ. ಜತೆಗೆ ಕೆಲವು ಜಿಎಲ್-5 ಆಯಿಲ್‌ಗಳ ಗಂಧಕ ಬಿಸಿಯಲ್ಲಿ ಹಿತ್ತಾಳೆಯನ್ನು ಕೊರೆಯುತ್ತದೆ. ಡಬ್ಬಿಯ ಮೇಲೆ ಎರಡೂ ದರ್ಜೆ ಬರೆದಿರುವ ಆಯಿಲ್‌ಗಳೂ ಮಾರುಕಟ್ಟೆಯಲ್ಲಿವೆ. ಕೈಪಿಡಿ ಜಿಎಲ್-4 ಎಂದರೆ ನಾನು ಜಿಎಲ್-4 ಅನ್ನೇ ಹುಡುಕುತ್ತೇನೆ. ಗೇರ್‌ಬಾಕ್ಸಿಗೆ ಅದನ್ನು ಹಾಕಿ 200 ಕಿ.ಮೀ. ಓಡಿಸಿ ನೋಡಿ. ಸದ್ದು ಉಳಿದರೆ ರಿಂಗ್ ಸವೆದಿದೆ ಎಂದು ಬಿಚ್ಚಿಸಬೇಕಾದೀತು.

ಜಿಪ್ಸಿಯಲ್ಲಿ ಆಯಿಲ್ ಇರುವ ಜಾಗಗಳು ನಾಲ್ಕು: ಗೇರ್‌ಬಾಕ್ಸ್, ನಾಲ್ಕೂ ಚಕ್ರಕ್ಕೆ ಬಲ ಹಂಚುವ ಟ್ರಾನ್ಸ್‌ಫರ್ ಬಾಕ್ಸ್, ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್. ನಾಲ್ಕಕ್ಕೂ ತುಂಬುವ ಬೋಲ್ಟ್ ಬೇರೆ, ಸುರಿಸುವ ಬೋಲ್ಟ್ ಬೇರೆ. ಮೊದಲು ಬಿಚ್ಚಬೇಕಾದದ್ದು ತುಂಬುವ ಬೋಲ್ಟ್. ಈ ಮಾತನ್ನು ನಾನು ಕಲಿತದ್ದು ಒಂದು ರಾತ್ರಿಯ ಬೆಲೆ ಕೊಟ್ಟು. ಮೂವತ್ತು ವರ್ಷಗಳ ಹಿಂದೆ, ಮೂಡಿಗೆರೆಯ ಬಳಿಯ ಎಸ್ಟೇಟಿನಲ್ಲಿ ಒಂದು ಜಿಪ್ಸಿಯ ಹಿಂದಿನ ಹೌಸಿಂಗ್ ಆಯಿಲನ್ನು ಸಂಜೆ ಪೂರ್ತಿ ಸುರಿಸಿಬಿಟ್ಟೆ. ಬೆಳಿಗ್ಗೆ ಆರಕ್ಕೆ ಗಾಡಿ ರ‍್ಯಾಲಿಗೆ ಹೊರಡಬೇಕು. ಹೊಸ ಆಯಿಲ್ ಹಾಕೋಣವೆಂದರೆ ತುಂಬುವ ಬೋಲ್ಟ್ ತುಕ್ಕು ಹಿಡಿದು ಕಲ್ಲಾಗಿತ್ತು. ಪಾನಾ ಜಾರಿ ಅದರ ಮೂಲೆಗಳೆಲ್ಲ ದುಂಡಗಾದವು. ರಾತ್ರಿ ಹನ್ನೊಂದಕ್ಕೆ ಪೇಟೆಯ ವೆಲ್ಡಿಂಗ್ ಅಂಗಡಿಯವರ ಮನೆಗೆ ಹೋಗಿ ಎಬ್ಬಿಸಿದೆ. ಅವರು ಮಳೆಯಲ್ಲೇ ಬಂದು ಆ ಬೋಲ್ಟಿನ ತಲೆಗೆ ಒಂದು ನಟ್ ಬೆಸೆದುಕೊಟ್ಟರು. ಬೆಸುಗೆಯ ಬಿಸಿಗೆ ತುಕ್ಕು ಬಿಟ್ಟು ಬೋಲ್ಟ್ ತಿರುಗಿತು. ತುಂಬುವ ಬೋಲ್ಟನ್ನು ಮೊದಲು ಬಿಚ್ಚಿ ನೋಡಿದ್ದರೆ, ಅದು ಬರದಿದ್ದರೂ ಹಳೆಯ ಆಯಿಲಿನಲ್ಲೇ ಗಾಡಿ ಆ ದಿನ ಓಡುತ್ತಿತ್ತು. ಮೂವತ್ತು ವರ್ಷಗಳಿಂದ ನನ್ನ ಗ್ಯಾರೇಜಿಗೆ ಸೇರುವ ಪ್ರತಿ ಹುಡುಗನಿಗೂ ನಾನು ಕಲಿಸುವ ಮೊದಲ ಪಾಠ ಇದೇ.

ಇನ್ನು ರ‍್ಯಾಲಿಯಲ್ಲಿ ಹಳ್ಳ ದಾಟುತ್ತೀರಿ. ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದ್ದನ್ನು ಎಳೆದುಕೊಳ್ಳುತ್ತದೆ. ಗಾಳಿ ಆಡಲು ಇಟ್ಟಿರುವ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಅಂಚಿನಿಂದ ನೀರು ಒಳಗೆ ಬರುತ್ತದೆ. ಬ್ರೀದರಿಗೆ ರಬ್ಬರ್ ಕೊಳವೆ ಜೋಡಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ಯಿರಿ. ಹಳ್ಳ ದಾಟಿದ ಪ್ರತಿ ಸ್ಪರ್ಧೆಯ ನಂತರವೂ ಡ್ರೈನ್ ಬೋಲ್ಟನ್ನು ಸಡಿಲಿಸಿ ಒಂದು ಲೋಟದಷ್ಟು ತೆಗೆದು ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ. ಆ ಆಯಿಲನ್ನು ಒಂದು ದಿನವೂ ಬಿಡಬೇಡಿ, ಬೇರಿಂಗ್ ತುಕ್ಕು ಹಿಡಿಯುತ್ತದೆ.

75ಡಬ್ಲ್ಯು-90 ಆಯಿಲ್ ಇಂಜಿನ್ನಿನ 10ಡಬ್ಲ್ಯು-40ಕ್ಕಿಂತ ಎರಡು ಪಟ್ಟು ದಪ್ಪವೇ?
— ವಿದ್ಯಾರ್ಥಿ, ದಾವಣಗೆರೆ

ಅಲ್ಲ. ಎರಡಕ್ಕೂ ಎಸ್‌ಎಇ ಎಂಬ ವಾಹನ ಇಂಜಿನಿಯರುಗಳ ಸಂಸ್ಥೆ ಇಟ್ಟ ಅಳತೆಗೋಲು ಬೇರೆ ಬೇರೆ. 100 ಡಿಗ್ರಿ ಬಿಸಿಯಲ್ಲಿ 90ರ ಗೇರ್ ಆಯಿಲ್ ಮತ್ತು 40ರ ಇಂಜಿನ್ ಆಯಿಲ್ ಹರಿಯುವ ರೀತಿ ಹೆಚ್ಚುಕಡಿಮೆ ಒಂದೇ. ಅಂಕಿಗಳು ಗೊಂದಲವಾಗದಿರಲೆಂದೇ ಗೇರ್ ಆಯಿಲಿಗೆ ದೊಡ್ಡ ಅಂಕಿ ಇಟ್ಟಿದ್ದಾರೆ. ಒಳ್ಳೆಯ ಪ್ರಶ್ನೆ ಕೇಳಿದ್ದೀರಿ.

ನಾನು ಮೆಲ್ಬರ್ನ್‌ನಲ್ಲಿದ್ದೇನೆ. 2011ರ ಸುಬಾರು ಡಬ್ಲ್ಯುಆರ್‌ಎಕ್ಸ್, ಐದು ಗೇರಿನ ಮ್ಯಾನುಯಲ್. ವರ್ಷಕ್ಕೆ ಮೂರು ನಾಲ್ಕು ಬಾರಿ ಸ್ಯಾಂಡೌನ್ ಟ್ರ್ಯಾಕಿನಲ್ಲಿ ಓಡಿಸುತ್ತೇನೆ. ಗೇರ್‌ಬಾಕ್ಸಿಗೆ ಜಿಎಲ್-4 ಮಾತ್ರ ಹಾಕಬೇಕೆಂದು ನೀವು ಹಿಂದೊಮ್ಮೆ ಬರೆದಿದ್ದಿರಿ. ಸುಬಾರು ಕೈಪಿಡಿಯಲ್ಲಿ ಜಿಎಲ್-5 ಎಂದಿದೆ. ಯಾವುದನ್ನು ನಂಬಲಿ?
— ಮೂಲತಃ ಶಿವಮೊಗ್ಗದವರು, ಆಸ್ಟ್ರೇಲಿಯಾ

ಕೈಪಿಡಿಯನ್ನು ನಂಬಿ. ನಾನು ‘ಮಾತ್ರ’ ಎಂದು ಬರೆದಿದ್ದರೆ ಅದು ನನ್ನ ತಪ್ಪು, ಇಲ್ಲಿ ತಿದ್ದಿಕೊಳ್ಳುತ್ತೇನೆ. ಚಿಕ್ಕಮಗಳೂರಿನವರಿಗೆ ಮೇಲೆ ಹೇಳಿದ ತತ್ವವೇ ನಿಮ್ಮ ಕಾರಿನಲ್ಲಿ ಬೇರೆ ಉತ್ತರ ಕೊಡುತ್ತದೆ. ಸುಬಾರುವಿನ ಮುಂದಿನ ಡಿಫರೆನ್ಷಿಯಲ್ ಮ್ಯಾನುಯಲ್ ಗೇರ್‌ಬಾಕ್ಸಿನ ಮನೆಯಲ್ಲೇ ವಾಸಿಸುತ್ತದೆ, ಅದರ ಆಯಿಲನ್ನೇ ಹಂಚಿಕೊಳ್ಳುತ್ತದೆ, ಮತ್ತು ಅದು ಹೈಪಾಯ್ಡ್. ಮೇಲೆ ಬಂದ ಬಸವನಗುಡಿಯವರ ಡಿಎಸ್‌ಜಿ ಕಾರಿನಂತೆ ಇಲ್ಲೂ ಒಂದೇ ಮನೆ, ಆದರೆ ಹಲ್ಲಿನ ಜಾತಿ ಬೇರೆ. ಜಿಎಲ್-4 ಹಾಕಿದರೆ ಸಿಂಕ್ರೊ ಸುಖವಾಗಿರುತ್ತದೆ, ಕ್ರೌನ್ ಪಿನಿಯನ್ ಸಾಯುತ್ತದೆ. ಅದಕ್ಕೇ ಕಂಪನಿ 75ಡಬ್ಲ್ಯು-90 ಜಿಎಲ್-5 ಎಂದಿರುವುದು. ಸಿಂಕ್ರೊವನ್ನೂ ಗೌರವಿಸುವ, ಇಂತಹ ಹಂಚಿಕೆಯ ಗೇರ್‌ಬಾಕ್ಸಿಗೆಂದೇ ಮಾಡಿದ ಆಯಿಲನ್ನು ಆರಿಸಿಕೊಳ್ಳಿ.

ಗೇರ್‌ಬಾಕ್ಸಿಗೆ 3.5 ಲೀಟರ್, ಹಿಂದಿನ ಡಿಫರೆನ್ಷಿಯಲ್‌ಗೆ 0.8 ಲೀಟರ್ ಬೇಕು. ಹಿಂದಿನದ್ದು ಎಷ್ಟು ಸ್ವಲ್ಪ ಎಂದು ನೋಡಿ, ನಾಲ್ಕು ಲೋಟ ಚಹಾದಷ್ಟು. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಒಂದೇ ಸಮನೆ ಬಾರಿಸಿದರೆ ಅಷ್ಟು ಸಣ್ಣ ಪ್ರಮಾಣದ ಆಯಿಲ್ ಬೇಗ ಕಾಯುತ್ತದೆ, ಬೇಗ ಮುದಿಯಾಗುತ್ತದೆ. ನಿಮ್ಮ ಬಳಕೆಗೆ ನಾನಾದರೆ ಎರಡನ್ನೂ ವರ್ಷಕ್ಕೊಮ್ಮೆ ಬದಲಿಸುತ್ತೇನೆ, ಕಿಲೋಮೀಟರ್ ಎಷ್ಟೇ ಇರಲಿ.

ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಆಯಿಲ್ ಬೆಚ್ಚಗಾದ ಮೇಲೆ ಸುರಿಸಿ. ಕಾರು ಮುಂದೆ ಹಿಂದೆ ಒಂದೇ ಮಟ್ಟದಲ್ಲಿ ನಾಲ್ಕು ಸ್ಟ್ಯಾಂಡ್‌ಗಳ ಮೇಲೆ ನಿಂತಿರಬೇಕು. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕಬೇಡಿ, ಎರಡೇ ನಿಮಿಷದ ಕೆಲಸವಾದರೂ ಸರಿ. ಹಿಂದಿನ ಡಿಫರೆನ್ಷಿಯಲ್ಲಿನ ಬೋಲ್ಟುಗಳಿಗೆ ಅರ್ಧ ಇಂಚಿನ ಚೌಕ ರ‍್ಯಾಚೆಟ್ ನೇರವಾಗಿ ಕೂರುತ್ತದೆ. ಆಯಿಲ್ ಪಂಪಿನಿಂದ ತುಂಬಿ, ಮೇಲಿನ ರಂಧ್ರದ ಅಂಚಿನಿಂದ ಹೊರಗೆ ಹರಿಯಲು ತೊಡಗಿದಾಗ ನಿಲ್ಲಿಸಿ. ಗೇರ್‌ಬಾಕ್ಸಿಗೆ ಅಳತೆ ಕಡ್ಡಿಯ ರಂಧ್ರದಿಂದಲೇ ಉದ್ದ ಕೊಳವೆಯ ಆಲಿಕೆ ಇಟ್ಟು ನಿಧಾನವಾಗಿ ಹೊಯ್ಯಬೇಕು. ದಪ್ಪ ಆಯಿಲ್ ಇಳಿಯಲು ಸಮಯ ತೆಗೆದುಕೊಳ್ಳುತ್ತದೆ. ಅವಸರದಲ್ಲಿ ಕಡ್ಡಿ ನೋಡಿದರೆ ಗೋಡೆಗೆ ಅಂಟಿದ್ದು ತಪ್ಪು ಲೆಕ್ಕ ಕೊಡುತ್ತದೆ. ಡ್ರೈನ್ ಬೋಲ್ಟಿನ ವಾಷರ್ ಒಮ್ಮೆ ಅಮುಕಿದರೆ ಮುಗಿಯಿತು, ಹೊಸದನ್ನೇ ಹಾಕಿ.

ಬೋಲ್ಟಿನ ಅಯಸ್ಕಾಂತವನ್ನು ಒರೆಸಿ ಬಿಸಾಡುವ ಮೊದಲು ಬೆರಳಿಗೆ ತಗುಲಿಸಿ ನೋಡಿ. ವಿಭೂತಿಯಂತೆ ನುಣ್ಣಗಿನ ಬೂದು ಹಿಟ್ಟು ಇದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುದಿಯಂತಹ ತುಂಡು ಸಿಕ್ಕರೆ ಮುಂದಿನ ಟ್ರ್ಯಾಕ್ ದಿನವನ್ನು ರದ್ದು ಮಾಡಿ. ಹಳದಿ ಹೊಳಪಿನ ಕಣಗಳು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅವನ್ನು ನೋಡಲು ಸುರಿದ ಆಯಿಲನ್ನು ಬಿಳಿಯ ಪಾತ್ರೆಯಲ್ಲಿ ಬಿಸಿಲಿಗೆ ಹಿಡಿಯಬೇಕು. ಕಂಡರೆ ಸಿಂಕ್ರೊ ರಿಂಗ್ ಸವೆಯುತ್ತಿದೆ.

ಆಟೊಮ್ಯಾಟಿಕ್ ಸುಬಾರು ಇರುವ ನಿಮ್ಮ ಸ್ನೇಹಿತರಿಗೆ ಈ ವಿವರ ಹೊಂದುವುದಿಲ್ಲ. ಅವರ ಕಾರಿನಲ್ಲಿ ಗೇರ್‌ಬಾಕ್ಸಿನ ದ್ರವ ಬೇರೆ, ಮುಂದಿನ ಡಿಫರೆನ್ಷಿಯಲ್ ಆಯಿಲ್ ಬೇರೆ, ಬೋಲ್ಟುಗಳೂ ಬೇರೆ.

2021ರ ಬಿಎಂಡಬ್ಲ್ಯು ಎಂ340ಐ, 48,000 ಕಿ.ಮೀ. ವಾರಕ್ಕೊಮ್ಮೆ ಶಿರಾಡಿ ಘಾಟಿ ಹತ್ತಿ ಇಳಿಯುತ್ತೇನೆ. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಆಯಿಲ್ ಕಾರಿನ ಆಯುಷ್ಯಪೂರ್ತಿ ಸಾಕು ಎಂದು ಸರ್ವೀಸಿನಲ್ಲಿ ಹೇಳುತ್ತಾರೆ. ಹೌದೇ?
— ಓದುಗರು, ಮಂಗಳೂರು

ಯಾರ ಲೆಕ್ಕದ ಆಯುಷ್ಯ ಎಂದು ಕೇಳಬೇಕು. ನಿಮ್ಮ ಎಂಟು ಗೇರಿನ ಆಟೊಮ್ಯಾಟಿಕ್ ತಯಾರಿಸಿದ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ನಡುವೆ, ಇಲ್ಲವೇ ಎಂಟು ವರ್ಷಕ್ಕೆ ಬದಲಿಸಲು ಸಲಹೆ ಕೊಡುತ್ತದೆ. ಕಷ್ಟದ ಬಳಕೆ ಇದ್ದರೆ ಬೇಗ. 500 ನ್ಯೂಟನ್ ಮೀಟರ್ ತಿರುಚು ಬಲದ ಕಾರನ್ನು ವಾರಕ್ಕೊಮ್ಮೆ ಘಾಟಿ ಹತ್ತಿಸುವುದನ್ನು ನಾನು ಕಷ್ಟದ ಬಳಕೆ ಎಂದೇ ಎಣಿಸುತ್ತೇನೆ. 80,000 ಮುಟ್ಟುವ ಮೊದಲೇ ಮಾಡಿಸಿ. ಆ ಗೇರ್‌ಬಾಕ್ಸಿನ ಕೆಳಗಿನ ಪ್ಲಾಸ್ಟಿಕ್ ತಟ್ಟೆಯಲ್ಲೇ ಫಿಲ್ಟರ್ ಸೇರಿಕೊಂಡಿದೆ. ತಟ್ಟೆ ಸಮೇತ ಬದಲಿಸಬೇಕು, ಬರೀ ಆಯಿಲ್ ಸುರಿಸಿ ತುಂಬಿದರೆ ಅರ್ಧ ಕೆಲಸ.

ಹಿಂದಿನ ಡಿಫರೆನ್ಷಿಯಲ್‌ಗೆ ಅಷ್ಟು ದಿನ ಕಾಯಬೇಡಿ, ಈಗಲೇ ಮಾಡಿಸಿ. ಬಿಎಂಡಬ್ಲ್ಯು ತನ್ನ ಪೂರ್ಣ ಪ್ರಮಾಣದ ಎಂ (ವೇಗದ ಸರಣಿಯ) ಕಾರುಗಳಿಗೆ ಮೊದಲ 2,000 ಕಿ.ಮೀ. ಸರ್ವೀಸಿನಲ್ಲೇ ಡಿಫರೆನ್ಷಿಯಲ್ ಆಯಿಲ್ ಬದಲಿಸುವ ಪದ್ಧತಿ ಇಟ್ಟಿತ್ತು. ಹೊಸ ಕ್ರೌನ್ ಮತ್ತು ಪಿನಿಯನ್ ಒಂದಕ್ಕೊಂದು ಹೊಂದಿಕೊಳ್ಳುವಾಗ ಅತಿ ಹೆಚ್ಚು ಲೋಹದ ಪುಡಿ ಉದುರುವುದು ಆ ಮೊದಲ ದಿನಗಳಲ್ಲೇ. ನಿಮ್ಮ ಕಾರಿನಲ್ಲಿ ಆ ಪುಡಿ 48,000 ಕಿ.ಮೀ.ಗಳಿಂದ ಅದೇ ಆಯಿಲಿನಲ್ಲಿದೆ. ಕೆಲವು ಬಿಎಂಡಬ್ಲ್ಯು ಡಿಫರೆನ್ಷಿಯಲ್‌ಗಳಿಗೆ ಡ್ರೈನ್ ಬೋಲ್ಟೇ ಇರುವುದಿಲ್ಲ, ತುಂಬುವ ರಂಧ್ರದಿಂದ ಪಂಪ್ ಹಾಕಿ ಹೀರಿ ತೆಗೆಯಬೇಕು. ನಿಮ್ಮದರಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣದ ಎಂ ಸ್ಪೋರ್ಟ್ ಡಿಫರೆನ್ಷಿಯಲ್ ಇದೆ. ಸಾಮಾನ್ಯ 3 ಸರಣಿಯ ಆಯಿಲ್ ತಂದು ಹಾಕಲು ಬಿಡಬೇಡಿ. ಚಾಸಿಸ್ ಸಂಖ್ಯೆಯಿಂದ ಬಿಡಿಭಾಗದ ಸಂಖ್ಯೆ ತೆಗೆಸಿ, ಡಬ್ಬಿಯ ಮೇಲಿನದ್ದಕ್ಕೆ ಹೋಲಿಸಿ, ಆಮೇಲೆ ಮುಚ್ಚಳ ತೆಗೆಸಿ. ನಾಲ್ಕೂ ಚಕ್ರಕ್ಕೆ ಬಲ ಹಂಚುವ ಟ್ರಾನ್ಸ್‌ಫರ್ ಬಾಕ್ಸಿನ ಆಯಿಲನ್ನೂ ಜತೆಯಲ್ಲೇ ಬದಲಿಸಲು ಹೇಳಿ. ಎಲ್ಲರೂ ಮರೆಯುವುದು ಅದನ್ನೇ.

ಹಿಂದಿನ ಚಕ್ರದಿಂದ ಓಡುವ ಹಳೆಯ ಕಾರಿಗೆ ಪ್ಲೇಟ್ ಮಾದರಿಯ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಹಿಡಿತವಿಲ್ಲದ ಒಂದೇ ಚಕ್ರ ಸುಮ್ಮನೆ ಸುತ್ತುವುದನ್ನು ತಡೆಯುವಂಥದ್ದು) ಹಾಕಿಸಿದ್ದೇನೆ. ಪಾರ್ಕಿಂಗ್‌ನಲ್ಲಿ ನಿಧಾನವಾಗಿ ತಿರುಗಿಸುವಾಗ ಹಿಂದಿನಿಂದ ಕಟಕಟ ನಡುಕ ಬರುತ್ತದೆ. ಬಿಚ್ಚಿಸಬೇಕೇ?
— ಓದುಗರು, ಹುಬ್ಬಳ್ಳಿ

ಈಗಲೇ ಬಿಚ್ಚಿಸಬೇಡಿ. ತಿರುವಿನಲ್ಲಿ ಒಳಚಕ್ರ ನಿಧಾನ, ಹೊರಚಕ್ರ ವೇಗ. ಆ ವ್ಯತ್ಯಾಸಕ್ಕೆ ಒಳಗಿನ ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು. ಸಾಮಾನ್ಯ ಜಿಎಲ್-5 ಹಾಕಿದ್ದರೆ ಅವು ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಡುಗುತ್ತವೆ. ಲಿಮಿಟೆಡ್ ಸ್ಲಿಪ್‌ಗೆಂದು ಬರೆದಿರುವ, ಪ್ಲೇಟುಗಳ ಘರ್ಷಣೆಯನ್ನು ಹದಗೊಳಿಸುವ ಫ್ರಿಕ್ಷನ್ ಮಾಡಿಫೈಯರ್ ಬೆರೆತ ಆಯಿಲ್ ಹಾಕಿ. ಖಾಲಿ ಮೈದಾನದಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ನಿಧಾನವಾಗಿ ಹತ್ತಿಪ್ಪತ್ತು ಸುತ್ತು ಹೊಡೆಯಿರಿ, ಆಯಿಲ್ ಪ್ಲೇಟುಗಳ ನಡುವೆ ಸೇರುತ್ತದೆ. ಆದರೆ ಮಾಡಿಫೈಯರನ್ನು ಹೆಚ್ಚುವರಿಯಾಗಿ ಸುರಿದರೆ ಪ್ಲೇಟುಗಳು ಹಿಡಿಯುವುದನ್ನೇ ಬಿಡುತ್ತವೆ, ಹಣ ಕೊಟ್ಟು ಹಾಕಿಸಿದ್ದು ವ್ಯರ್ಥವಾಗುತ್ತದೆ. ಸ್ಪರ್ಧೆಯ ಪ್ಲೇಟುಗಳಲ್ಲಿ ಸ್ವಲ್ಪ ಸದ್ದು ಉಳಿಯುವುದು ಸಹಜ.

ತೆಗೆದ ಹಳೆಯ ಆಯಿಲನ್ನು ಕೊಟ್ಟಿಗೆಯ ಕಂಬಗಳಿಗೆ ಗೆದ್ದಲು ಬಾರದಂತೆ ಬಳಿಯುತ್ತೇವೆ. ಗೇರ್ ಆಯಿಲನ್ನೂ ಬಳಿಯಬಹುದೇ?
— ಓದುಗರು, ತೀರ್ಥಹಳ್ಳಿ

ಬೇಡ. ಮಲೆನಾಡಿನಲ್ಲಿ ಇದು ಹಳೆಯ ರೂಢಿ, ನಮ್ಮ ಮನೆಯಲ್ಲೂ ಇತ್ತು. ಆದರೆ ನಿಮ್ಮಲ್ಲಿ ಬೀಳುವ ಮಳೆಗೆ ಕಂಬಕ್ಕೆ ಬಳಿದದ್ದು ನೆಲಕ್ಕೆ, ನೆಲದಿಂದ ಬಾವಿಗೆ ಇಳಿಯುತ್ತದೆ. ಕೊಟ್ಟಿಗೆಯ ದನಗಳು ಕಂಬಕ್ಕೆ ಮೈ ಉಜ್ಜುತ್ತವೆ, ನೆಕ್ಕುತ್ತವೆ. ಅದರಲ್ಲಿರುವುದು ಸವೆದ ಲೋಹ, ಗಂಧಕ ಮತ್ತು ರಂಜಕದ ಸಂಯುಕ್ತಗಳು. ಬಳಸಿದ ಆಯಿಲನ್ನು ಸರ್ಕಾರದ ನಿಯಮವೂ ಅಪಾಯಕಾರಿ ತ್ಯಾಜ್ಯವೆಂದೇ ಗುರುತಿಸಿದೆ. ಹೊಸ ಆಯಿಲ್ ಬಂದ ಡಬ್ಬಿಗೇ ಹಳೆಯದನ್ನು ತುಂಬಿ, ನೀರು ಪೆಟ್ರೋಲ್ ಏನೂ ಬೆರೆಸದೆ ಮುಚ್ಚಳ ಬಿಗಿ ಮಾಡಿ ಇಡಿ. ಶಿವಮೊಗ್ಗಕ್ಕೆ ಹೋಗುವಾಗ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೆ ಆಯಿಲ್ ಕೊಡುವ ಸರ್ವೀಸ್ ಸ್ಟೇಷನ್ ಯಾವುದೆಂದು ವಿಚಾರಿಸಿ ಅಲ್ಲಿಗೆ ಒಪ್ಪಿಸಿ. ಕಂಬಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಸಿಗುತ್ತದೆ. ಕರಾವಳಿಯವರು ದೋಣಿಯ ಮರಕ್ಕೆ ಬಳಿಯುವುದು ಅದನ್ನೇ. ದನಗಳನ್ನು ಎರಡು ಮೂರು ದಿನ ಬೇರೆ ಕಡೆ ಕಟ್ಟಿ, ಕೈಗೆ ತಾಗದಂತೆ ಬ್ರಷ್ಷಿನಿಂದ ಬಳಿದು, ಪೂರ್ತಿ ಒಣಗಲು ಬಿಡಿ.